ಇದ್ದದ್ದು ಇದ್ದ ಹಾಗೆ ಬರೆದ ಮಗಳು

ಲಾಕ್‌ಡೌನಿನ ಎರಡನೆಯ ತಿಂಗಳಲ್ಲಿ ನಮ್ಮ ಹದಿಮೂರು ವರ್ಷದ ಮಗಳಿಗೆ ಚಿತ್ರಕಲೆಯ ಆನ್‌ಲೈನ್ ಕ್ಲಾಸಿನಲ್ಲಿ ಒಂದು ಕೆಲಸ ಕೊಟ್ಟರು. ಯುರೋಪಿನಲ್ಲಿ ಬರೋಕ್ ಎಂದು ಕರೆಯುವ ಕಾಲದ ಕೆಲವು ಚಿತ್ರಕಾರರು ರಾಜರನ್ನೂ ದೇವತೆಗಳನ್ನೂ ಬಿಟ್ಟು, ಅಡುಗೆಯವರನ್ನು, ಜೋಡು ಹೊಲಿಯುವವರನ್ನು, ಹಲ್ಲು ಕೀಳುವವರನ್ನು ಇದ್ದದ್ದು ಇದ್ದ ಹಾಗೆ ಬರೆದರಂತೆ. ಹಾಗೆಯೇ ನಿಮ್ಮ ಮನೆಯಲ್ಲಿ ಕೆಲಸ ಮಾಡುವವರನ್ನು ಬರೆಯಿರಿ ಎಂದಿದ್ದರು ಟೀಚರ್.

ಮಗಳು ನನ್ನನ್ನು ಆರಿಸಿಕೊಂಡಳು. ಈ ಪರದೇಶದ ಪೆಟಾಲಿಂಗ್ ಜಯಾದ ನಮ್ಮ ಫ್ಲ್ಯಾಟಿನಲ್ಲಿ ಹಗಲೆಲ್ಲ ಕಣ್ಣಿಗೆ ಬೀಳುತ್ತಿದ್ದವಳು ನಾನೇ ತಾನೆ. ಮಾರನೆಯ ಬೆಳಿಗ್ಗೆ ನಾನು ಸಿಂಕು ಉಜ್ಜಿ, ಕೆಳಗಿನ ಮಾಮಕ್ ಹೋಟೆಲಿನಿಂದ ತಪಾವ್ ಎಂದು ಕಟ್ಟಿಸಿಕೊಂಡು ತಂದಿದ್ದ ಊಟದ ಡಬ್ಬಿಗಳನ್ನೆಲ್ಲ ಬಚ್ಚಿಟ್ಟು, ಇಳಕಲ್ ಸೀರೆಯುಟ್ಟು ನಿಂತೆ.

“ಅಮ್ಮ, ದಿಸ್ ಈಸ್ ಫೇಕ್ ಲಾ. ಗೋ ವೇರ್ ಯುವರ್ ನೈಟಿ.”

“ನಿನ್ನ ಕ್ಲಾಸಿನವರೆಲ್ಲ ನೋಡ್ತಾರೆ ಕಣೇ.”

“ದೇ ಆಲ್ಸೋ ಹ್ಯಾವ್ ಮದರ್ಸ್.”

ನೈಟಿ ಹಾಕಿಕೊಂಡೆ. ಡಬ್ಬಿಗಳನ್ನೂ ಅವಳೇ ಹುಡುಕಿ ತಂದು ಮೊದಲಿದ್ದಲ್ಲಿ ಇಟ್ಟಳು. ನಾಲ್ಕು ದಿನ ನಾನು ಕಿಟಕಿಯ ಬೆಳಕಿಗೆ ಕೂತು ಸೋರೆಕಾಯಿ ಹೆರೆದೆ. ನಾಲ್ಕು ದಿನವೂ ಸೋರೆಕಾಯಿ ಪಲ್ಯವನ್ನೇ ತಿಂದೆವು.

ಅಂಥ ಚಿತ್ರಗಳಲ್ಲಿ ಬಾಗಿಲಿನಾಚೆ ಇನ್ನೊಂದು ಕೋಣೆ ಕಾಣುವುದುಂಟಂತೆ. ನಮ್ಮ ಬಾಗಿಲಿನಾಚೆ ಕಾಣುತ್ತಿದ್ದದ್ದು ಊಟದ ಮೇಜಿನಲ್ಲಿ ಆಫೀಸು ಮಾಡುತ್ತಿದ್ದ ನನ್ನ ಗಂಡ. ಇದು ಗೊತ್ತಾದ ಕೂಡಲೇ ಅವರು ಇಸ್ತ್ರಿ ಮಾಡಿದ ಶರಟು ಹಾಕಿ, ವರ್ಷಕ್ಕೊಮ್ಮೆ ಕಟ್ಟುವ ಟೈಯನ್ನೂ ಕಟ್ಟಿಕೊಂಡರು. “ಕೆಲಸ ಅಂದ್ರೆ ಹೀಗಿರ್ಬೇಕು, ನೋಡು” ಎಂದು ನನ್ನ ನೈಟಿಯ ಅರಿಶಿನದ ಕಲೆ ನೋಡಿ ನಕ್ಕರು. ಮೇಜಿನ ಕೆಳಗಿನದೂ ಚಿತ್ರದಲ್ಲಿ ಬರುತ್ತಿದೆಯೆಂದು ಎರಡನೆಯ ದಿನವೇ ನನಗೆ ಗೊತ್ತಾಗಿತ್ತು. ಹೇಳಬೇಕೆನಿಸಲಿಲ್ಲ.

ಚಿತ್ರಗಳನ್ನು ಕ್ಲಾಸಿನಲ್ಲಿ ತೋರಿಸಿದ ದಿನ ಇಬ್ಬರೂ ಮಗಳ ಹಿಂದೆ ನಿಂತಿದ್ದೆವು. ನನ್ನ ನೈಟಿಯ ಅರಿಶಿನದ ಕಲೆ, ಕ್ಲಿಪ್ಪಿಗೆ ಸಿಗದ ಕೂದಲು, ಒಡೆದ ಹಿಮ್ಮಡಿ, ಏನನ್ನೂ ಅವಳು ಬಿಟ್ಟಿರಲಿಲ್ಲ. ಗಂಡ ಕಾಫಿ ಹೀರುತ್ತ ಮುಸಿಮುಸಿ ನಗುತ್ತಿದ್ದರು. ಆಮೇಲೆ ಟೀಚರ್ ಬಾಗಿಲಿನ ಭಾಗವನ್ನು ದೊಡ್ಡದು ಮಾಡಿದರು. ಮೇಲೆ ಟೈ, ಕೆಳಗೆ ಮೊಣಕಾಲ ತನಕ ಎತ್ತಿದ ಚೌಕಳಿ ಲುಂಗಿ, ಒಂದು ಕಾಲಿನ ಹೆಬ್ಬೆರಳು ಇನ್ನೊಂದು ಪಾದವನ್ನು ಕೆರೆಯುತ್ತಿತ್ತು.

“ಇದು ಎಲ್ರಿಗೂ ಕಾಣ್ತಿದ್ಯಾ?” ಎಂದರು ಗಂಡ.

ಮೈಕು ತೆರೆದೇ ಇತ್ತು. ಕನ್ನಡ ತಿಳಿಯದ ಮಕ್ಕಳೂ ನಕ್ಕವು. ಟೀಚರೂ ನಗುತ್ತಲೇ ಆ ಮೂಲೆಯನ್ನು ಬಹಳ ಹೊಗಳಿದರು. ಗಂಡ ಕಾಫಿ ಲೋಟ ಹಿಡಿದು ಮೆಲ್ಲನೆ ಕ್ಯಾಮೆರಾದಿಂದ ಆಚೆ ಸರಿದರು.

ನಂತರ ಬೇರೆ ಮಕ್ಕಳ ಚಿತ್ರಗಳು ಬಂದವು. ಒಬ್ಬಳ ಅಜ್ಜಿ ಬೆಳ್ಳುಳ್ಳಿ ಸುಲಿಯುತ್ತಿದ್ದರು, ಇನ್ನೊಬ್ಬಳ ಅಪ್ಪ ಬನಿಯನ್ನಿನಲ್ಲಿ ನೆಲ ಒರೆಸುತ್ತಿದ್ದರು. ಯಾವ ಮನೆಯ ಸಿಂಕೂ ಖಾಲಿಯಿರಲಿಲ್ಲ. ನನಗೆ ಅಷ್ಟೇ ಸಾಕಾಯಿತು.

ಕ್ಲಾಸು ಮುಗಿದ ಮೇಲೆ ಚಿತ್ರವನ್ನು ಕೈಗೆತ್ತಿಕೊಂಡು ನನ್ನ ಮುಖ ನೋಡಿಕೊಂಡೆ. ನಾಲ್ಕೂ ದಿನ ಒಳಗೊಳಗೇ ಸಿಡುಕುತ್ತ ಕೂತಿದ್ದವಳು ನಾನು. ಆದರೆ ಕಾಗದದ ಮೇಲಿದ್ದ ಹೆಂಗಸು ನೆಮ್ಮದಿಯಾಗಿ ತರಕಾರಿಯ ಮೇಲೆ ಬಾಗಿದ್ದಳು.

“ಇದೊಂದು ಮಾತ್ರ ಸುಳ್ಳು ಬರ್ದಿದೀಯ” ಎಂದೆ.

“ನೋ, ಅಮ್ಮ. ವೆನ್ ಯು ಆರ್ ಕಟಿಂಗ್, ಯು ಲುಕ್ ಲೈಕ್ ದಟ್. ಮಾತಾಡಿದಾಗ ಮಾತ್ರ ಆಂಗ್ರಿ.”

ಏನೋ ಹೇಳಲು ಬಾಯಿ ತೆರೆದವಳು, ಹೋಗಿ ರಾತ್ರಿಯ ತರಕಾರಿ ಹೆಚ್ಚಲು ಕೂತೆ.