ಮೇಷ್ಟ್ರು ಮುರಿದ ಮುದ್ದೆ

ಹಿಂದೂಪುರದ ನಮ್ಮ ಇಂಗ್ಲಿಷ್ ಮೇಷ್ಟ್ರು ನಂಜುಂಡಪ್ಪನವರು ಸೂಜಿ ಚುಚ್ಚಿಸಿಕೊಳ್ಳುವಾಗಲೂ ಬಾಯಿ ಮುಚ್ಚಿದವರಲ್ಲ. ಕಾಂಪೌಂಡರ್ ತೋಳು ಹಿಡಿದರೆ, "ನಿಧಾನ ಕಣಪ್ಪ, ಒಳಗೆ ಇಲಿಮರಿ ಐತೆ" ಅನ್ನುತ್ತಿದ್ದರು. ಸ್ನಾಯುವಿಗೆ ಇರುವ ಮಸಲ್ ಎಂಬ ಇಂಗ್ಲಿಷ್ ಮಾತು ಲ್ಯಾಟಿನ್ನಿನ ಪುಟ್ಟ ಇಲಿಯಿಂದ ಬಂದದ್ದು ಎಂದು ವಿವರಿಸದೆ ಅಂಗಿಯ ತೋಳು ಇಳಿಸುತ್ತಿರಲಿಲ್ಲ. ಹೊರಗೆ ಜ್ವರದವರ ಸಾಲು ಬೆಳೆಯುತ್ತಿತ್ತು.

ಯಾವ ಇಂಗ್ಲಿಷ್ ಮಾತು ಸಿಕ್ಕರೂ ಅದರ ಊರು, ತಾಯಿತಂದೆ ವಿಚಾರಿಸುವುದು ಅವರ ಚಟ. ಹೆಣ್ಣು ನೋಡಲು ಬಂದವರೂ ಅಷ್ಟು ಕೆದಕುವುದಿಲ್ಲ.

ಇಂಥವರಿಗೆ ಒಂದು ಹಠ. ಕಲ್ಯಾಣದುರ್ಗದ ತಂಗಿ ಲಕ್ಷ್ಮಮ್ಮ ತಮ್ಮ ಮಗಳನ್ನು ಅಣ್ಣನ ಮಗನಿಗೆ ಕೊಡದೆ ಹೊರಗೆ ಕೊಟ್ಟಿದ್ದರು. ಅಂದಿನಿಂದ ಆ ಮನೆಯ ನೀರೂ ಮುಟ್ಟುವುದಿಲ್ಲವೆಂದು ಮೇಷ್ಟ್ರ ಆಣೆ. ಆದರೆ ತಂಗಿಯನ್ನು ನೋಡದೆ ಇರಲಾರರು. ತಿಂಗಳಿಗೊಮ್ಮೆ ಎಸ್‌ಟಿಡಿ ಬೂತಿನಿಂದ, "ಬತ್ತೀನಿ, ಅಡುಗೆ ಮಾಡ್ಬೇಡ" ಎಂದು ಹೇಳಿ, ಚಿತ್ರಾನ್ನದ ಡಬ್ಬಿ, ನೀರಿನ ಬಾಟ್ಲಿ ಸಮೇತ ಬಸ್ಸು ಹತ್ತುತ್ತಿದ್ದರು. ತಂಗಿಯ ಜಗಲಿಯ ಮೇಲೆ ಕೂತು ತಮ್ಮ ಬುತ್ತಿ ತಾವೇ ತಿಂದು ಬರುತ್ತಿದ್ದರು. ಆಕೆಯೂ ಹಠಮಾರಿ, ಪ್ರತಿ ಸಲವೂ ಮುದ್ದೆ ಮಾಡಿ ಇಡುತ್ತಿದ್ದರು.

ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಇವನ್ಯಾರು ಎಂದು ಲಕ್ಷ್ಮಮ್ಮ ಕೇಳಿದರು.

"ಹಳೇ ಸ್ಟೂಡೆಂಟು. ಈಗ ನನ್ನ ಕಂಪ್ಯಾನಿಯನ್ನು" ಎಂದರು ಮೇಷ್ಟ್ರು. ಚಟ ಅಲ್ಲಿಗೇ ಬಿಡಬೇಕಲ್ಲ. "ಹಂಗಂದ್ರೆ ಏನು ಗೊತ್ತೇನಮ್ಮ? ಲ್ಯಾಟಿನ್‌ನಾಗೆ ಪಾನಿಸ್ ಅಂದ್ರೆ ರೊಟ್ಟಿ. ಕೂಡಿ ರೊಟ್ಟಿ ತಿಂಬೋನೇ ಕಂಪ್ಯಾನಿಯನ್. ಜೊತೇಲಿ ಉಣ್ಣೋನೇ ನಮ್ಮೋನು."

ಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಂಡರು. "ಸರಿ ಬಿಡು ಅಣ್ಣಯ್ಯ. ಹಂಗಾದ್ರೆ ನಾನು ನಿಂಗೆ ಏನಾಗ್ಬೇಕು? ಅದ್ಕೂ ಇಂಗ್ಲಿಷ್‌ನಾಗೆ ಒಂದು ಮಾತು ಐತಾ?"

ಮೇಷ್ಟ್ರು ಡಬ್ಬಿಯ ಮುಚ್ಚಳ ಬಿಗಿಯಾಗಿ ತಿರುಗಿಸಿದರು. ಆಮೇಲೆ ಡಬ್ಬಿಯನ್ನು ನನ್ನ ಕಡೆ ತಳ್ಳಿ, "ಇದನ್ನ ನೀನು ತಿನ್ನು ಕಣ್ಲಾ" ಎಂದು ಎದ್ದು ಒಳಗೆ ಹೋದರು. ಮಣೆಯ ಮೇಲೆ ಕೂತು, "ಸಾರು ಬಿಸಿ ಐತೇನಮ್ಮ?" ಎಂದು ಕೇಳಿ ಮುದ್ದೆ ಮುರಿದರು. ಲಕ್ಷ್ಮಮ್ಮ ಕಣ್ಣೊರೆಸಿಕೊಂಡು, ಹೊಗೆ ಎಂದರು. ಆ ಮನೆಯಲ್ಲಿದ್ದದ್ದು ಗ್ಯಾಸ್ ಒಲೆ.

ಮೇಷ್ಟ್ರು ತೀರಿಕೊಂಡ ಮೇಲೆ ಒಂದು ದಿನ ಲಕ್ಷ್ಮಮ್ಮನವರನ್ನು ನೋಡಲು ಹೋದೆ. ನನಗೆ ಮುದ್ದೆ ಬಡಿಸಿದರು. ಗಂಡಸರ ಊಟ ಮುಗಿಯುವ ತನಕ ತಟ್ಟೆ ಮುಟ್ಟದ ಆಕೆ ಅಂದು ನನ್ನ ಎದುರಿಗೇ ಬಡಿಸಿಕೊಂಡು ಕೂತರು.

"ಅಣ್ಣಯ್ಯ ನಂಗೆ ಕಲಿಸಿದ್ದು ಅದೊಂದೇ ಇಂಗ್ಲಿಷು ಕಣಪ್ಪ" ಎಂದರು. "ಉಣ್ಣು."