ಸರ್ ಬೆಲ್ಲ ತಿಂದರು

ನಮ್ಮ ಸರ್ ಬೆಲ್ಲ ತಿಂದರು. ಚೊಂಬು ಎತ್ತಿ ಗಟಗಟ ನೀರು ಕುಡಿದರು.

ಇದೂ ಬರೆಯುವ ಸಂಗತಿಯೇ ಅಂತೀರಾ? ಸ್ವಲ್ಪ ತಾಳಿ. ಅದನ್ನು ಕಂಡು ನನಗೆ ಕಣ್ಣು ತುಂಬಿ ಬಂದಿತ್ತು. ಅರ್ಧ ಗಂಟೆಯ ನಂತರ ಅದೇ ಬೆಲ್ಲ ಕಹಿಯಾಯಿತು.

ಸರ್ ಅಂದರೆ ಚಿಕ್ಕೋಡಿಯ ಕಾಲೇಜಿನಲ್ಲಿ ನನಗೆ ಸಮಾಜಶಾಸ್ತ್ರ ಕಲಿಸಿದವರು. ಈಗ ಶಾಸಕರು. (ಹೆಸರು, ಕ್ಷೇತ್ರ, ಪಕ್ಷ ಕೇಳಬೇಡಿ. ಪಕ್ಷ ಯಾವುದೆಂದು ಅವರನ್ನೇ ಕೇಳಿದರೂ ಒಂದು ಕ್ಷಣ ಯೋಚಿಸಿ ಹೇಳುತ್ತಾರೆ.)

ಅವರ ಕ್ಲಾಸಿಗೆ ಕಾಮರ್ಸ್ ಹುಡುಗರೂ ಬಂದು ಕಿಟಕಿಯಲ್ಲಿ ನಿಲ್ಲುತ್ತಿದ್ದರು. ಸರ್ ಪುಸ್ತಕ ತೆರೆಯುತ್ತಿದ್ದದ್ದು ಕಡಿಮೆ. ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳು ಸಾಲು ನಿಂತಾಗ ಗಾಡಿಯವರ ಪಕ್ಕ ಕೂತು ರೊಟ್ಟಿ ತಿಂದು ಬಂದ ಮನುಷ್ಯ. ನಿಪ್ಪಾಣಿಗೆ ಹೋದರೆ ಮರಾಠಿ, ರಾಯಬಾಗಕ್ಕೆ ಬಂದರೆ ಕನ್ನಡ. ಎಲ್ಲೇ ಹೋಗಲಿ, ತಾವು ಮಾತಾಡುವುದಕ್ಕಿಂತ ಕೇಳಿಸಿಕೊಳ್ಳುವುದೇ ಜಾಸ್ತಿ.

ಒಮ್ಮೆ ನಮ್ಮನ್ನೆಲ್ಲ ಅಥಣಿ ಕಡೆಯ ಅನಂತಪುರದ ಆಚೆಯ ಒಂದು ತೋಟದ ವಸ್ತಿಗೆ ಸರ್ವೇಗೆ ಕರೆದೊಯ್ದರು. ಕಬ್ಬಿನ ಹೊಲಗಳ ನಡುವೆ ಚದುರಿದ ಕೆಲವು ಮನೆಗಳು, ಅಷ್ಟೇ. ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಒಂದು ಚೂರು ಬೆಲ್ಲ, ಒಂದು ಚೊಂಬು ನೀರು. ಮಾತುಕತೆ ಆಮೇಲೆ. ಆಗಷ್ಟೇ ಮದುವೆಯಾಗಿ ಬಂದಿದ್ದ ಶಾಂತಕ್ಕ ಬೆಲ್ಲ ನೀರು ತಂದಿಟ್ಟಳು. ನಾನು ಅದನ್ನು ಬದಿಗೆ ಸರಿಸಿ ಪ್ರಶ್ನೆ ಶುರು ಮಾಡಿದೆ. ಸರ್ ನನ್ನ ಕೈ ಹಿಡಿದರು.

"ಮೊದಲ ಬೆಲ್ಲಾ ತಿನ್ನೋ. ನೀರು ಕುಡಿ."

ವಾಪಸು ಬರುವಾಗ ದಾರಿಯ ಬೇವಿನ ಮರದ ಕೆಳಗೆ ನಮ್ಮನ್ನು ನಿಲ್ಲಿಸಿ ಹೇಳಿದರು: "ಈ ಮಂದಿ ಒಮ್ಮೆ ಬೆಲ್ಲಾ ನೀರು ಕೊಟ್ಟರಂದ್ರ ಮುಂದ ನಿಮಗ ಒಲ್ಲೆ ಅನ್ನೂದಿಲ್ಲ. ನಮ್ಮನಿ ನೀರು ಕುಡದಾಂವಗ ಹೆಂಗ ಇಲ್ಲ ಅನ್ನೂದು ಅಂತಾರ. ಅದಕ್ಕ ಅವರನ್ನ ಏನರೆ ಕೇಳೂಕಿಂತ ಮೊದಲ ನೀವ ವಿಚಾರ ಮಾಡ್ರಿ, ಕೇಳಬೇಕೋ ಬ್ಯಾಡೋ ಅಂತ."

ಪರೀಕ್ಷೆಗೆ ಓದಿದ್ದೆಲ್ಲ ಮರೆತುಹೋಗಿದೆ. ಈ ಮಾತು ಮಾತ್ರ ಉಳಿದಿದೆ.

ಸರ್ ಚುನಾವಣೆಗೆ ನಿಂತಾಗ ನಾವು ಹಳೆಯ ವಿದ್ಯಾರ್ಥಿಗಳು ಅಥಣಿ, ಕಾಗವಾಡದ ಕಡೆಯ ಗೆಳೆಯರನ್ನೂ ಕಟ್ಟಿಕೊಂಡು ಊರೂರು ತಿರುಗಿದೆವು. ಜನರನ್ನು ಇಷ್ಟು ಬಲ್ಲ ಮನುಷ್ಯ ಗೆದ್ದರೆ ಜನರಿಗೇ ಲಾಭ ಅಲ್ಲವೇ? ಮೊದಲ ಸಲ ಸೋತರು. ನಾವು ಅತ್ತೆವು. ಮುಂದಿನ ಸಲ ಪಕ್ಷ ಬದಲಿಸಿ ಗೆದ್ದರು. ನಾವು ಪಕ್ಷ ಯಾವುದೆಂದು ನೋಡಲಿಲ್ಲ. ಮೈತುಂಬ ಗುಲಾಲು ಬಳಿದುಕೊಂಡು ಕುಣಿದೆವು.

ಈ ಬೇಸಿಗೆಯಲ್ಲಿ ಸರ್ ಫೋನ್ ಮಾಡಿದರು. "ನಮ್ಮ ಹಳೇ ವಸ್ತಿಗೆ ಹೊಂಟೇನಿ, ಬಾರೋ." ಕಾರಿನಲ್ಲಿ ಸರ್, ಅವರ ಪಿಎ, ನಾನು. ಅದೇ ದಾರಿ, ಅದೇ ಬೇವಿನ ಮರ, ಅದೇ ಮನೆ. ಶಾಂತಕ್ಕನ ತಲೆ ಅರ್ಧ ಬೆಳ್ಳಗಾಗಿತ್ತು. ನೋಡಿದ ಕೂಡಲೇ ಗುರುತು ಹಿಡಿದಳು. ಒಳಗೆ ಹೋಗಿ ಬೆಲ್ಲ ನೀರು ತಂದಳು. ಪಿಎ ಮಿನರಲ್ ವಾಟರ್ ಬಾಟಲಿ ಮುಂದೆ ಮಾಡಿದ. ಸರ್ ಅದನ್ನು ಸರಿಸಿ ಚೊಂಬು ಎತ್ತಿದರು.

ನೋಡಿ, ನನ್ನ ಕಣ್ಣು ತುಂಬಿದ್ದು ಆಗ. ಕುರ್ಚಿ ಸಿಕ್ಕರೂ ಮೇಷ್ಟ್ರು ಮೇಷ್ಟ್ರಾಗಿಯೇ ಉಳಿದಿದ್ದಾರೆ ಎಂದು ಎಷ್ಟು ಹಿಗ್ಗಿದೆ!

ಶಾಂತಕ್ಕ ಸೆರಗು ಸರಿ ಮಾಡಿಕೊಂಡು ಕೇಳಿದಳು: "ಸಾಹೇಬ್ರ, ನಮ್ಮ ಪೂಜಾ ಅಥಣಿ ಕಾಲೇಜಿಗೆ ಹೋಗ್ತಾಳ್ರಿ. ಮುಂಜಾನೆ ಹೆಂಗರೆ ಹಾಲಿನ ಗಾಡ್ಯಾಗ ಹೋಗ್ತಾಳ. ಸಂಜೀಕ ಬರಾಕ ಬಸ್ಸಿಲ್ರಿ. ಡಾಂಬರ ರೋಡಿನಿಂದ ಕತ್ತಲಾಗ ಕಬ್ಬಿನ ನಡಕಿನ ಹಾದ್ಯಾಗ ಒಬ್ಬಾಕೀನ ನಡಕೋತ ಬರಬೇಕ್ರಿ. ಅವರಪ್ಪ ಕಾಲೇಜ ಸಾಕ ಮಾಡು ಅನ್ನಾಕತ್ತಾನ, ವರಾನೂ ನೋಡಾಕತ್ತಾನ. ಹೆಣ್ಮಕ್ಕಳಿಗೆ ಬಸ್ ಫ್ರೀ ಐತಿ ಅಂತಾರ. ಬಸ್ಸ ಇಲ್ಲಲ್ರಿ!"

ಬಾಗಿಲಲ್ಲಿ ನಿಂತಿದ್ದ ಪೂಜಾ ಮೆಲ್ಲಗೆ ಅಂದಳು, "ಇನ್ನೊಂದ ವರ್ಷ ಐತ್ರಿ ಸರ್. ಡಿಗ್ರಿ ಮುಗೀತೈತಿ."

"ಸಬ್ಜೆಕ್ಟ್ ಯಾವುದವ್ವಾ?"

"ಸೋಶಿಯಾಲಜಿ ರಿ."

(ಆಣೆ ಮಾಡಿ ಹೇಳುತ್ತೇನೆ, ಕಟ್ಟಿದ ಕಥೆಯಲ್ಲ.) ಸರ್ ನಕ್ಕು ಅವಳ ತಲೆಯ ಮೇಲೆ ಕೈ ಇಟ್ಟರು. "ಆಗ್ತೈತಿ ತಂಗಿ. ನೋಡೂಣು." ಆ ಹುಡುಗಿಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ಕಾರು ಹೊರಟಿತು. ಪಿಎ ಹೇಳಿದ, "ಡಿಪೋದವರು ಒಂದ ಬಸ್ ಕೊಡ್ತಾರಂತ್ರಿ. ಈ ಹಾದಿಗೇ ಹಾಕ್ರಿ ಅಂತ ಹೇಳಲ್ರಿ?"

"ಬ್ಯಾಡ. ಕೆನಾಲ್ ದಂಡಿ ಊರಿಗೆ ಹಾಕಸು. ಅಲ್ಲಿ ವೋಟು ಹೊಯ್ದಾಡಾಕತ್ತಾವ."

ನಾನು ಮುಂದೆ ಬಗ್ಗಿದೆ. "ಸರ್, ಪೂಜಾನ ಕಾಲೇಜು ಬಿಡಸ್ತಾರ್ರಿ."

"ಗೊತ್ತೈತೋ. ಆದ್ರ ಇರೂದು ಒಂದ ಬಸ್."

"ಮತ್ತ ಈ ವಸ್ತಿ ಮಂದಿ ಸಿಟ್ಟಾಗೂದಿಲ್ಲೇನ್ರಿ?"

ಸರ್ ನನ್ನ ಕಡೆ ತಿರುಗಿದರು. ಕ್ಲಾಸಿನಲ್ಲಿ ಗೊತ್ತಿರುವ ಉತ್ತರ ತಪ್ಪು ಹೇಳಿದಾಗ ನೋಡುತ್ತಿದ್ದರಲ್ಲ, ಹಾಗೇ. "ನೀರು ಕುಡದ ಬಂದೀನಲ್ಲೋ. ಈ ಮಂದಿ ನನಗ ಒಲ್ಲೆ ಅನ್ನೂದಿಲ್ಲ."

ಕಿಟಕಿಯಾಚೆ ಬೇವಿನ ಮರ ಹಿಂದೆ ಸರಿಯಿತು.

ಏನೆಂದು ದೂರಲಿ, ನೀವೇ ಹೇಳಿ. ದುಡ್ಡು ತಿಂದರೇ? ಇಲ್ಲ. ಯಾರಿಗಾದರೂ ಹೊಡೆಸಿದರೇ? ಇಲ್ಲ. ಇನ್ನೊಂದು ಊರಿನ ಹೆಣ್ಣುಮಕ್ಕಳಿಗೆ ಬಸ್ ಸಿಕ್ಕಿತಲ್ಲ ಅಂದರೆ ಅದೂ ನಿಜವೇ. ಕಷ್ಟ ಗೊತ್ತಿಲ್ಲದ ನಾಯಕನಿಗೆ ಕೈಹಿಡಿದು ಕರೆತಂದು ತೋರಿಸಬಹುದು. ಎಲ್ಲ ಗೊತ್ತಿರುವವರಿಗೆ ಏನು ತೋರಿಸುವುದು? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಜನರನ್ನು ಅರಿತವರು ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿ ಇಷ್ಟು ವರ್ಷ ಬರೆದುಕೊಂಡು ಬಂದವನು ನಾನು. ಈಗ ಯಾವುದನ್ನು ನಂಬಿ ಬರೆಯಲಿ?

ಮೊನ್ನೆ ಶಾಂತಕ್ಕನ ಫೋನ್ ಬಂತು. "ಅಣ್ಣಾರ, ಪೂಜಾನ ಲಗ್ನ ಗಟ್ಟಿ ಆತ್ರಿ. ಬರಬೇಕ್ರಿ."

"ಕಾಲೇಜು?"

"ಬಿಡಿಸಿದಿವ್ರಿ. ಏನ್ ಮಾಡೂದ್ರಿ, ಬಸ್ ಬರಲೇ ಇಲ್ಲ." ಹಿಂದೆ ಎಲ್ಲೋ ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು, ಪೂಜಾ ಇರಬೇಕು. ತಡೆಯಲಾರದೆ ಹೇಳಿಬಿಟ್ಟೆ, "ಶಾಂತಕ್ಕ, ಮುಂದಿನ ಸಲ ಇವರಿಗೆ ವೋಟು ಹಾಕಬ್ಯಾಡ್ರಿ."

"ಛೇ ಛೇ, ಹಂಗ ಅನಬಾರದ್ರಿ!" ಎಂದಳು. "ನಮ್ಮನಿ ನೀರು ಕುಡದಾರ."

ಸರ್ ಸಮಾಜಶಾಸ್ತ್ರ ಬಿಟ್ಟು ರಾಜಕೀಯಕ್ಕೆ ಹೋದರು ಎಂದು ಚಿಕ್ಕೋಡಿಯಲ್ಲಿ ಈಗಲೂ ಹಳಹಳಿಸುವವರಿದ್ದಾರೆ. ನಿಜಕ್ಕೂ ಬಿಟ್ಟು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು!