ಖಾಲಿ ಡಬ್ಬಿ ಹಿಂದಕ್ಕೆ ಬರಬಾರದು

ಇವತ್ತು ಬೆಳಿಗ್ಗೆ ಹಾಲು ಕಾಯಿಸಿ ಇಳಿಸುವ ಹೊತ್ತಿಗೆ ನಾನು ಕೃಷ್ಣರಾಜಪುರದ ನಮ್ಮ ಮನೆಯ ಹೊಸ್ತಿಲ ಒಳಬದಿಯಲ್ಲಿ ನಿಂತಿದ್ದೆ. ಹೊರಬದಿಯಲ್ಲಿ ಎದುರು ಮನೆಯ ಸರೋಜಮ್ಮ. ಮೊನ್ನೆ ನಾವು ಚಿತ್ರಾನ್ನ ಹಾಕಿಕೊಟ್ಟಿದ್ದ ಸ್ಟೀಲ್ ಡಬ್ಬಿ ಅವರ ಕೈಯಲ್ಲಿತ್ತು. ಮುಚ್ಚಳ ತೆಗೆದರೆ ತಳದಲ್ಲಿ ಒಂದು ಹಿಡಿ ಸಕ್ಕರೆ.

"ಇದೆಲ್ಲ ಯಾಕ್ರೀ?" ಎಂದೆ.

"ಖಾಲಿ ಡಬ್ಬಿ ಕೊಡಕ್ಕಾಗತ್ತಾ? ಸುಮ್ನೆ ಇಟ್ಕೊಳ್ಳಿ" ಎಂದು ಅವರು ಹೊರಟುಹೋದರು. ನಾನು ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತೆ. ಕಾರಣ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ದುಭಾಷಿಯಾಗಿದ್ದೆ. ಹುಟ್ಟಿ ಬೆಳೆದದ್ದು ಶಿವಾಜಿನಗರವಾದ್ದರಿಂದ ಕನ್ನಡ, ತಮಿಳು, ದಖ್ಖನಿ ಉರ್ದು ತಾವಾಗಿಯೇ ಬಂದವು. ಇಂಗ್ಲಿಷನ್ನು ಶಾಲೆಯಲ್ಲಿ ಏಟು ತಿಂದು ಕಲಿತೆ. ಆ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಮಾತಾಡಿದವರು 'ನಾನು' ಎಂದರೆ ದುಭಾಷಿಯೂ 'ನಾನು' ಎನ್ನಬೇಕು. 'ಅವರು ಹೀಗೆನ್ನುತ್ತಾರೆ' ಎಂದು ದೂರ ನಿಲ್ಲುವಂತಿಲ್ಲ. ಹೀಗೆ ನಾನು ಮಂತ್ರಿಯಾಗಿದ್ದೇನೆ, ಬಾಣಂತಿಯಾಗಿದ್ದೇನೆ, ಒಂದು ಇಡೀ ಮಧ್ಯಾಹ್ನ ಕೋಳಿ ಸಾಕಣೆಯ ತಜ್ಞನೂ ಆಗಿದ್ದೆ.

ಒಮ್ಮೆ ಆ ಕೆಲಸ ನನ್ನನ್ನು ನಾನು ಆಡಿ ಬೆಳೆದ ಗಲ್ಲಿಗೇ ಕರೆದೊಯ್ದಿತು. ಅಲ್ಲಿ ಅಮೀನಾ ಬಿ ಒಂದು ಕೋಣೆ ಬಾಡಿಗೆಗೆ ಹಿಡಿದು, ನಾಲ್ಕಾರು ಹೆಂಗಸರನ್ನು ಸೇರಿಸಿಕೊಂಡು, ಬಟ್ಟೆಯ ಪರ್ಸುಗಳಿಗೆ ಜರಿ ಕಸೂತಿ ಹಾಕಿಸುತ್ತಿದ್ದರು. ಚಿಕ್ಕಂದಿನಲ್ಲಿ ನಮ್ಮ ಮನೆಯಿಂದ ಎಳ್ಳುಬೆಲ್ಲ ಹೊತ್ತು ಹೋದ ತಟ್ಟೆ ಅವರ ಮನೆಯಿಂದ ಖರ್ಜೂರ ಹೊತ್ತು ಬರುತ್ತಿತ್ತು. ಏನೂ ಇಲ್ಲದ ದಿನ ನಾಲ್ಕು ಹರಳು ಕಲ್ಲುಪ್ಪು. ಅಂತೂ ತಟ್ಟೆ ಬರಿದಾಗಿ ಬಂದದ್ದಿಲ್ಲ.

ಅವರ ಪರ್ಸುಗಳು ಹೊರದೇಶದ ಒಂದು ಅಂಗಡಿಗೆ ಹೋಗುತ್ತಿದ್ದವು. ಆ ದೇಶ ನಮ್ಮ ಸರಕಿಗೆ ಕೊಡುತ್ತಿದ್ದ ಸುಂಕದ ರಿಯಾಯಿತಿ ನಿಂತುಹೋಯಿತು, ಅಂಗಡಿಯವರು ಬೇರೆ ಕಡೆ ಕೊಳ್ಳತೊಡಗಿದರು. ಮತ್ತೆ ಆರ್ಡರ್ ಬರದಿದ್ದರೆ ಕೋಣೆ ಬಿಡಬೇಕಿತ್ತು. ಅದೇ ದೇಶದ ನೆರವಿನ ಇಲಾಖೆ ಅವರಿಗೆ ಎರಡು ಹೊಲಿಗೆ ಮಷೀನು ಕೊಟ್ಟಿತು. ಅವನ್ನು ನೋಡಲು ಬಂದ ಅಧಿಕಾರಿಣಿಗೆ ನಾನು ಬಾಯಿ.

ನಾನು ಬಾಗಿಲ ಬಲಕ್ಕೆ, ನೀರಿನ ಡ್ರಮ್ಮಿನ ಪಕ್ಕ ನಿಂತಿದ್ದೆ. ಅಮೀನಾ ಬಿ ಕೇಳಿದರು: "ಮಷೀನ್ ಕೊಟ್ಟಿದ್ದು ಸಂತೋಷ. ಆದ್ರೆ ಮೇಡಮ್ಮನ್ನ ಕೇಳು ಬೇಟಾ, ಬರೀ ಬಟ್ಟೆ ಹೋದ್ರೆ ಅವರಲ್ಲಿ ಸುಂಕ ಕಮ್ಮಿ, ನಾವು ಸೂಜಿ ಹಾಕಿದ್ರೆ ಜಾಸ್ತಿ. ನಮ್ಮ ಕೈ ಏನ್ ತಪ್ಪು ಮಾಡ್ತು?"

ಅಧಿಕಾರಿಣಿ ಮೆಲ್ಲಗೆ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ: "ಸುಂಕ ನನ್ನ ಕೈಲಿಲ್ಲ. ಅದು ಬೇರೆ ಇಲಾಖೆ."

ಜರಿ ಬಿಡಿಸುತ್ತ ಕೂತಿದ್ದ ಲೂರ್ದು ಮೇರಿ ತಲೆಯೆತ್ತದೆ ಅಂದಳು: "ಮಷೀನ್ ಐತೆ, ಬಟ್ಟೆ ಐತೆ, ಕೈ ಐತೆ. ತಗೊಳ್ಳೋರನ್ನ ಒಬ್ರನ್ನ ದಾನ ಕೊಡ್ತಾರಾ ಕೇಳಣ್ಣ."

ಎಲ್ಲರೂ ನಕ್ಕರು. ನಾನು ಇಂಗ್ಲಿಷಿನಲ್ಲಿ ಹೇಳಿದಾಗ ಅಧಿಕಾರಿಣಿಯೂ ನಕ್ಕು, ಆಮೇಲೆ ನೆಲ ನೋಡಿದರು.

ಹೊರಡುವಾಗ ಅಮೀನಾ ಬಿ ಹಸಿರು ಪರ್ಸೊಂದನ್ನು ಆಕೆಯ ಕೈಯಲ್ಲಿಟ್ಟರು. ಆಕೆಯ ಮುಖ ಕೆಂಪಾಯಿತು. ಆಕೆ ಆಡಿದ್ದು ನನ್ನ ಬಾಯಿಂದ ಹೀಗೆ ಬಂತು: "ನಾನು ಇದನ್ನ ತಗೊಳ್ಳೋ ಹಾಗಿಲ್ಲ. ನಾನು ಕೊಡಬಹುದು ಅಷ್ಟೇ. ತಗೊಳ್ಳೋದು ನಿಯಮಕ್ಕೆ ವಿರುದ್ಧ."

ಅಮೀನಾ ಬಿ ಆಕೆಯ ಕಡೆ ನೋಡಲಿಲ್ಲ. ನನ್ನನ್ನು ನೋಡಿದರು.

"ಮನೆಗೆ ತಂದುಕೊಟ್ಟೋರನ್ನ ಬರಿಗೈಲಿ ಕಳಿಸ್ಲಾ? ನೀನು ಈ ಗಲ್ಲಿಯವನಲ್ವಾ?"

ಅವರ ಗಂಡ ನಜೀರ್ ಭಾಯಿ ಚಹಾ ಲೋಟ ಎತ್ತಿಡುತ್ತ, "ಬಿಡು, ಪಾಪ, ಅವರ ನೌಕರಿಗೆ ಕುತ್ತು ಬರತ್ತೆ" ಎಂದರು. ಅಧಿಕಾರಿಣಿ ಪರ್ಸನ್ನು ಎರಡೂ ಕೈಯಿಂದ ಹೊಸ ಮಷೀನಿನ ಮೇಲಿಟ್ಟರು.

ಆಕೆ ಕೆಟ್ಟವರಲ್ಲ. ಮಷೀನುಗಳೂ ಕೆಟ್ಟವಲ್ಲ, ಒಂದರಲ್ಲಿ ಲೂರ್ದು ಮೇರಿ ಇಂದಿಗೂ ನೈಟಿ ಹೊಲಿಯುತ್ತಾಳೆ. ಆದರೆ ಆರ್ಡರ್ ಬರಲಿಲ್ಲ, ಬಕ್ರೀದಿಗೆ ಮುಂಚೆ ಕೋಣೆ ಖಾಲಿಯಾಯಿತು. ಬಡ ದೇಶಕ್ಕೆ ನೆರವು ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಕೈಕೆಲಸ ಅವರ ಬಂದರು ದಾಟಲು ದಾರಿ ಬಿಟ್ಟಿದ್ದರೆ ಆ ಮಷೀನಿಗೂ ಮರ್ಯಾದೆ ಇರುತ್ತಿತ್ತು. ಕೊಡುವವರು ನಮ್ಮಿಂದ ಏನೂ ಕೊಳ್ಳದಿದ್ದರೆ ಪಡೆದವರು ತಲೆಯೆತ್ತುವುದು ಹೇಗೆ? ಹೀಗೆಲ್ಲ ಬರೆಯುವ ನಾನೂ ಅವರಿಂದ ಒಂದು ಪರ್ಸು ಕೊಂಡವನಲ್ಲ. ಅಂದು 'ಅವರು ಹೇಳ್ತಿದಾರೆ' ಎಂಬ ಎರಡು ಮಾತು ಸೇರಿಸಿದ್ದರೆ ಕಸುಬು ಕೆಡುತ್ತಿತ್ತು ನಿಜ, ಆದರೆ 'ತಗೊಳ್ಳೋ ಹಾಗಿಲ್ಲ' ಎಂದ ಆ 'ನಾನು' ಇನ್ನೂ ನನ್ನ ನಾಲಿಗೆಯ ಮೇಲಿದೆ.

ಸರೋಜಮ್ಮನ ಸಕ್ಕರೆಯನ್ನು ನಮ್ಮ ಸಕ್ಕರೆಯೊಳಗೆ ಬೆರೆಸಲಿಲ್ಲ. ಅದನ್ನೇ ಹಾಕಿ ಕಾಫಿ ಮಾಡಿ, ಒಂದು ಲೋಟ ಅವರ ಮನೆಗೆ ಒಯ್ದು ಕೊಟ್ಟೆ. ಲೋಟ ಇನ್ನೂ ಅಲ್ಲೇ ಇದೆ, ಖಾಲಿ ಬರುವುದಿಲ್ಲ.

ಅಂದು ಆ ಕೋಣೆಯಲ್ಲಿದ್ದ ನಜೀರ್ ಭಾಯಿ ಈಗಿಲ್ಲ. ಲೂರ್ದು ಮೇರಿ ಇದ್ದಾಳೆ. ಆ ಅಧಿಕಾರಿಣಿಯೂ ತಮ್ಮ ಊರಿನಲ್ಲಿ ಇದ್ದಾರೆಂದು ಕೇಳಿದ್ದೇನೆ. ಅಮೀನಾ ಬಿ ಇದ್ದಾರೆ, ಕಣ್ಣು ಮಂಜಾಗಿದೆ. ನನ್ನ ದನಿ ಕೇಳಿದರೆ ಮಾತ್ರ ಗುರುತು ಹಿಡಿಯುತ್ತಾರೆ.